ಜೀಪಿನ ಬಾಡಿ ಎತ್ತುವ ಮೊದಲು

ನಮ್ಮ ಕಡೆಯ ತೋಟದ ಮನೆಗಳಲ್ಲಿ ಹಳೇ ಜೀಪು ಇನ್ನೂ ಉಂಟು. ಅಡಿಕೆ ಮೂಟೆ, ಹಟ್ಟಿಗೊಬ್ಬರ, ಪಂಪುಸೆಟ್ಟು, ಮದುವೆ ಮನೆಯ ಪಾತ್ರೆ, ಹೆರಿಗೆಗೆ ಹೊರಟ ಹೆಂಗಸು - ಎಲ್ಲವನ್ನೂ ಹೊತ್ತ ಗಾಡಿ ಅದು. ಮಾರಿದರೆ ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಾನೆ. ಮಾರಲು ಮನಸ್ಸು ಬರುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಒಂದಿಷ್ಟು ತಗಡು ಅಂಟಿಸಿ, ಬಣ್ಣ ಹೊಡೆದು ಸುಮ್ಮನಾಗುತ್ತೇವೆ.

ನಾನೂ ಹಾಗೇ ಮಾಡಿದವನು. ನಮ್ಮದು ಅಪ್ಪ ಸೆಕೆಂಡ್ ಹ್ಯಾಂಡಿಗೆ ತಂದ 1971ರ ಗಾಡಿ. ಒಂದು ಮಳೆಗಾಲದಲ್ಲಿ ಮನೆಯ ಏರು ಹತ್ತುವಾಗ ಹಿಂದೆ ಎಡಗಡೆ ‘ಲಟ್’ ಅಂತ ಸದ್ದಾಯಿತು. ನೋಡಿದರೆ ಪ್ಲೇಟು ಹಿಡಿದಿಡುವ ಬ್ರಾಕೆಟಿನ ಹತ್ತಿರ ಚಾಸಿ ಬಿರುಕು ಬಿಟ್ಟಿತ್ತು. ವೆಲ್ಡಿಂಗಿನವರು ಮಲಗಿಕೊಂಡು, ಕೈ ಹೋದಷ್ಟು ಜಾಗಕ್ಕೆ ಒಂದು ತುಂಡು ಪ್ಲೇಟು ಬೆಸೆದು ಕೊಟ್ಟರು. ಆರು ತಿಂಗಳಲ್ಲಿ ಆ ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಬಿರುಕು! ಕೊನೆಗೆ ವಯಸ್ಸಾದ ಮೆಕ್ಯಾನಿಕರೊಬ್ಬರು ಬಂದು, ಕೆಳಗೆ ಇಣುಕಿ, ಸ್ಪಾನರಿನಿಂದ ಎರಡು ಸಲ ಬಡಿದು ನೋಡಿ ಹೇಳಿದರು: “ಬಾಡಿ ಎತ್ತಿ ನೋಡದೆ ಇದಕ್ಕೆ ಇನ್ನು ದುಡ್ಡು ಹಾಕಬೇಡಿ ಮಾರಾಯ್ರೆ. ಮೇಲಿನದ್ದು ಬಣ್ಣ, ಒಳಗಿನದ್ದು ಗೆದ್ದಲು.”

ಆ ಮಾತು ಸರಿ ಅಂತ ಬಾಡಿ ಎತ್ತಿದ ಮೇಲೆ ಗೊತ್ತಾಯಿತು. ಈ ಕೆಲಸವನ್ನು ಮನೆಯಂಗಳದಲ್ಲೇ ಮಾಡಬಹುದು. ಆದರೆ ಗಾಡಿ ಹಾಳಾಗುವುದೂ, ಕೈಕಾಲಿಗೆ ಪೆಟ್ಟಾಗುವುದೂ ಎತ್ತುವ ಆ ಅರ್ಧ ಗಂಟೆಯ ಅವಸರದಲ್ಲೇ. ಎತ್ತುವ ಮೊದಲಿನ ತಯಾರಿಯೇ ನಿಜವಾದ ಕೆಲಸ. ಅದನ್ನು ಹೇಳಲು ಇಷ್ಟು ಬರೆಯುತ್ತಿದ್ದೇನೆ.

ಎಲ್ಲ ಗಾಡಿಗೂ ಇದು ಆಗದು

ಜೀಪೆಂದರೆ ಎರಡು ಬೇರೆ ಬೇರೆ ವಸ್ತು. ಕೆಳಗೆ ಏಣಿಯಂಥ ಚಾಸಿ: ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅಡ್ಡಕ್ಕೆ ಮೆಟ್ಟಿಲಿನ ಹಾಗೆ ಪಟ್ಟಿಗಳು. ಎಂಜಿನ್, ಗೇರುಪೆಟ್ಟಿಗೆ, ಆ್ಯಕ್ಸಲ್, ಪ್ಲೇಟು ಎಲ್ಲ ಈ ಏಣಿಗೆ ಸೇರಿದವು. ಇದರ ಮೇಲೆ ತೊಟ್ಟಿಯಂಥ ಬಾಡಿಯನ್ನು ಇಟ್ಟು ಬೋಲ್ಟು ಬಿಗಿದಿರುತ್ತಾರೆ. ಬೋಲ್ಟು ಬಿಚ್ಚಿದರೆ ತೊಟ್ಟಿ ಬೇರೆ, ಏಣಿ ಬೇರೆ.

ಅಂಬಾಸಿಡರ್, ಪದ್ಮಿನಿ, ಮಾರುತಿ 800 - ಇವುಗಳ ಕ್ರಮ ಬೇರೆ. ಅವಕ್ಕೆ ಹೀಗೆ ಪ್ರತ್ಯೇಕ ಏಣಿ ಇಲ್ಲ. ತಗಡಿನ ಬಾಡಿಯೇ ಭಾರ ಹೊರುತ್ತದೆ. “ಜೀಪಿನದ್ದು ಎತ್ತಿದ್ದೇವೆ, ಕಾರಿನದ್ದೂ ಎತ್ತುವ” ಎಂದು ಹೊರಡಬೇಡಿ. ಅಲ್ಲಿ ಎತ್ತಲು ಬೇರೆ ಬಾಡಿಯೇ ಇಲ್ಲ.

ನಮ್ಮ ಜೀಪುಗಳ ಮೂಲ ಅಮೆರಿಕದ ವಿಲ್ಲಿಸ್ ಗಾಡಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಹುಟ್ಟಿದ್ದು. ಅದೇ ಕುಟುಂಬದ ಸಿಜೆ-3ಬಿ ಎಂಬ ಮಾದರಿ ಅಲ್ಲಿ 1953ರಲ್ಲಿ ಬಂತು. ಅದರ ಎಂಜಿನಿನಲ್ಲಿ ಗಾಳಿ ಎಳೆಯುವ ವಾಲ್ವುಗಳನ್ನು ಮೇಲೆ ಹೆಡ್ಡಿನಲ್ಲಿ ಇಟ್ಟರು. ಎಂಜಿನ್ ಎತ್ತರವಾಯಿತು, ಅದಕ್ಕೆ ಸರಿಯಾಗಿ ಬಾನೆಟ್ಟನ್ನೂ ಎತ್ತರಿಸಿದರು. ನಾವು ಕಂಡ ಎತ್ತರ ಮೂತಿಯ ಜೀಪು ಇದೇ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು. ಅಮೆರಿಕದಲ್ಲಿ 1968ಕ್ಕೆ ನಿಂತರೂ ನಮ್ಮಲ್ಲಿ ಮಹೀಂದ್ರದವರು ಅದನ್ನೇ ಮುಂದುವರಿಸಿದರು. ಆದ್ದರಿಂದ ಕೆಳಗೆ ಹೇಳುವ ಕ್ರಮ ಹೆಚ್ಚಿನ ಹಳೇ ಗಿಡ್ಡ ಜೀಪುಗಳಿಗೆ ಹೊಂದುತ್ತದೆ. ಡೀಸೆಲ್ ಎಂಜಿನ್ ಕೂರಿಸಿದ ಗಾಡಿಗಳಲ್ಲಿ ಪೈಪು, ವಯರುಗಳ ದಾರಿ ಸ್ವಲ್ಪ ಬೇರೆ ಇದ್ದೀತು, ಅಷ್ಟೇ.

ಮೊದಲು ಕಾಗದ, ಆಮೇಲೆ ಸ್ಪಾನರು

ಸ್ಪಾನರು ಹಿಡಿಯುವ ಮೊದಲು ಆರ್.ಸಿ. ತೆಗೆದು ನೋಡಿ. ಅದರಲ್ಲಿರುವ ಚಾಸಿ ನಂಬ್ರ ಗಾಡಿಯಲ್ಲಿ ಎಲ್ಲಿ ಕೊರೆದಿದೆ ಎಂದು ಹುಡುಕಿ, ತಂತಿ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ ಓದಿ. ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ, ಫೋಟೋವನ್ನೂ ತೆಗೆಯಿರಿ. ಆ ಜಾಗಕ್ಕೆ ಗ್ರೈಂಡರು ತಾಗಬಾರದು ಎಂದು ವೆಲ್ಡಿಂಗಿನವರಿಗೆ ಮೊದಲೇ ಹೇಳಿ. ನಂಬ್ರ ಅಳಿಸಿ ಹೋದರೆ ಎಷ್ಟು ಚಂದದ ಗಾಡಿಯಾದರೂ ರಸ್ತೆಗೆ ಇಳಿಸುವುದು ಕಷ್ಟ.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಿಸಿದವರು ಕೊಟ್ಟ ರೂಪವನ್ನು ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಇದ್ದದ್ದನ್ನು ಇದ್ದ ಹಾಗೆ ರಿಪೇರಿ ಮಾಡುವುದು ಬೇರೆ, ಚಾಸಿ ಕತ್ತರಿಸಿ ಉದ್ದ ಮಾಡುವುದು ಬೇರೆ.

ಇನ್ನೊಂದು ಮಾತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಖಾಸಗಿ ಗಾಡಿಗಳು ಇದಕ್ಕೆ ಸೇರುತ್ತವೆ. ಚಾಸಿ, ಬಾಡಿ, ಎಂಜಿನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮತ್ತೆ ನವೀಕರಣಕ್ಕೆ 5,000 ರೂಪಾಯಿ ಎಂದು ಆ ನಿಯಮದಲ್ಲಿ ಇಟ್ಟರು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೆಸರು ಕೇಳಲು ಚಂದ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಅಧ್ಯಯನ, ಎಣ್ಣೆ ಹಾಕಿಸಲು, ರಿಪೇರಿಗೆ - ಇಷ್ಟಕ್ಕೇ. ಗೊಬ್ಬರ ತರಬೇಕಾದ ನಮಗೆ ಅದು ಹೊಂದದು. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ. ಸಾದಾ ನೋಂದಣಿಯ ನವೀಕರಣದ ಫೀಸನ್ನು ನಿಮ್ಮ ಆರ್.ಟಿ.ಒ. ಕಚೇರಿಯಲ್ಲೇ ಕೇಳಿ ತಿಳಿಯಿರಿ.

ಬಿಚ್ಚುವ ಕ್ರಮ

ಮಳೆ ಬಾರದ ದಿನಗಳನ್ನು ಆರಿಸಿ. ನಾವು ಅಡಿಕೆ ಸುಲಿದು ಮುಗಿಸಿ, ಅಂಗಳ ಖಾಲಿಯಾದ ಮೇಲೆ ಶುರು ಮಾಡಿದೆವು. ನೆಲ ಮಟ್ಟವಾಗಿರಬೇಕು, ಗಟ್ಟಿ ಇರಬೇಕು. ಮೂರು ದಿನ ಮೊದಲೇ ಎಲ್ಲ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ, ದಿನಕ್ಕೆ ಎರಡು ಸಲ ಹಾಕುತ್ತಿರಿ.

ಮೊದಲು ಬ್ಯಾಟರಿ ತೆಗೆಯಿರಿ. ಎರಡನೆಯದು ಎಣ್ಣೆ ಟ್ಯಾಂಕು. ವಿಲ್ಲಿಸ್ ಮಾದರಿಯಲ್ಲಿ ಅದು ಡ್ರೈವರ್ ಸೀಟಿನ ಅಡಿಯಲ್ಲೇ ಕುಳಿತಿರುತ್ತದೆ. ಎಣ್ಣೆ ಖಾಲಿ ಮಾಡಿ, ಟ್ಯಾಂಕನ್ನು ಅಂಗಳದಿಂದಲೇ ದೂರ ಒಯ್ದು ಇಡಿ. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗೆ ಆವಿ ಇರುತ್ತದೆ. ಇಷ್ಟಾಗುವ ತನಕ ಗ್ರೈಂಡರು, ಗ್ಯಾಸು ಎರಡೂ ಗಾಡಿಯ ಹತ್ತಿರ ಬರಬಾರದು.

ಆಮೇಲೆ ಬಾನೆಟ್, ಮುಂದಿನ ಗ್ಲಾಸಿನ ಚೌಕಟ್ಟು, ಸೀಟುಗಳು. ರೇಡಿಯೇಟರಿನ ನೀರು ಬಿಟ್ಟು ಅದನ್ನೂ ತೆಗೆಯಿರಿ. ಎರಡು ಮಡ್‌ಗಾರ್ಡು ಮತ್ತು ಮುಂದಿನ ಗ್ರಿಲ್ಲು ಬೇರೆ ಬೇರೆ ಬಿಚ್ಚಿ ಬರುತ್ತವೆ. ಈಗ ಉಳಿಯುವುದು ತೊಟ್ಟಿ ಮಾತ್ರ. ತೊಟ್ಟಿಗೂ ಚಾಸಿಗೂ ನಡುವೆ ಏನೇನು ಸಂಬಂಧ ಉಳಿದಿದೆ ಎಂದು ಒಂದೊಂದಾಗಿ ನೋಡಬೇಕು. ನಮ್ಮದರಲ್ಲಿ ಇಷ್ಟಿತ್ತು:

- ಸ್ಪೀಡೋಮೀಟರಿನ ಕೇಬಲು.
- ಚೋಕ್ ಮತ್ತು ಆಕ್ಸಿಲರೇಟರಿನ ತಂತಿ, ಕಡ್ಡಿಗಳು.
- ಹ್ಯಾಂಡ್‌ಬ್ರೇಕಿನ ಕೇಬಲು. ಡ್ಯಾಶಿನಿಂದ ಎಳೆಯುವ ಹಿಡಿಯಾದರೆ ಅಡಿಯಲ್ಲಿ ಬಿಚ್ಚಬೇಕು.
- ಆಯಿಲ್ ಪ್ರೆಶರ್ ಗೇಜಿಗೆ ಹೋಗುವ ಸಣ್ಣ ಪೈಪು.
- ಬಿಸಿ ತೋರಿಸುವ ಗೇಜಿನ ತೆಳ್ಳಗಿನ ತಾಮ್ರದ ಕೊಳವೆ. ಇದನ್ನು ಕತ್ತರಿಸಿದರೆ, ಮುರಿದರೆ ಗೇಜು ಸತ್ತಂತೆ. ಎಂಜಿನಿನ ಕಡೆಯಿಂದ ಬಿಚ್ಚಿ, ಸುತ್ತಿ, ಬಾಡಿಗೆ ಕಟ್ಟಿ.
- ವಯರುಗಳು ಮತ್ತು ಬಾಡಿಗೂ ಎಂಜಿನಿಗೂ ನಡುವಿನ ಅರ್ತಿನ ಪಟ್ಟಿ.
- ಗೇರಿನ ಕಡ್ಡಿ ಮತ್ತು ಫೋರ್‌ವೀಲಿನ ಕಡ್ಡಿಗಳು. ನೆಲದ ಮುಚ್ಚಳ ತೆಗೆದು, ಕಡ್ಡಿ ಬಿಚ್ಚಿ, ಬಾಯಿಗೆ ಬಟ್ಟೆ ತುರುಕಿ. ಒಂದು ನಟ್ಟು ಒಳಗೆ ಬಿದ್ದರೆ ಗೇರುಪೆಟ್ಟಿಗೆ ಇಳಿಸಬೇಕಾದೀತು.
- ಕ್ಲಚ್ಚು, ಬ್ರೇಕಿನ ಪೆಡಲು. ಹಳೇ ಜೀಪಿನಲ್ಲಿ ಪೆಡಲಿನ ಬುಡ ಚಾಸಿಯಲ್ಲಿ, ತಲೆ ಮಾತ್ರ ನೆಲದ ತೂತಿನಿಂದ ಮೇಲೆ. ಕಾಲಿಡುವ ತಲೆ ಬಿಚ್ಚಿದರೆ ಸಾಕು. ಬ್ರೇಕಿನ ಮಾಸ್ಟರ್ ಸಿಲಿಂಡರು ಸಹ ಚಾಸಿಯಲ್ಲೇ ಇದ್ದರೆ ಬ್ರೇಕ್ ಪೈಪು ಮುಟ್ಟುವುದೇ ಬೇಡ.
- ಸ್ಟಿಯರಿಂಗ್. ಇದನ್ನು ಎತ್ತುವ ಭಾಗದಲ್ಲಿ ಹೇಳುತ್ತೇನೆ.

ಬಿಚ್ಚಿದ ಪ್ರತಿಯೊಂದಕ್ಕೂ ಫೋಟೋ ತೆಗೆಯಿರಿ, ವಯರಿಗೆ ಬಟ್ಟೆ ಪಟ್ಟಿ ಕಟ್ಟಿ ನಂಬ್ರ ಬರೆಯಿರಿ. ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ತೆಂಗಿನ ಗೆರಟೆಗಳಲ್ಲಿ ಬೇರೆ ಬೇರೆ ಇಟ್ಟು ಚೀಟಿ ಹಾಕಿದ್ದು ನಮಗೆ ತುಂಬ ಉಪಕಾರವಾಯಿತು.

ಕೊನೆಗೆ ಬಾಡಿಯ ಬೋಲ್ಟುಗಳು. ಚಾಸಿಯ ಎರಡೂ ಬದಿಯ ಕಿವಿಗಳಲ್ಲಿ, ಹಿಂದಿನ ಅಡ್ಡಪಟ್ಟಿಯಲ್ಲಿ ಇವು ಇರುತ್ತವೆ. ಕೆಲವು ಮಣ್ಣಿನ ಗಟ್ಟಿಯೊಳಗೆ ಅಡಗಿರುತ್ತವೆ. ಬೋಲ್ಟಿನ ನಡುವೆ ರಬ್ಬರಿನ ಅಥವಾ ಪಟ್ಟಿಯ ತುಂಡು, ಕೆಲವೆಡೆ ಹೆಚ್ಚುವರಿ ವಾಷರು ಸಿಗುತ್ತದೆ. ಎಲ್ಲಿ ಎಷ್ಟು ದಪ್ಪ ಇತ್ತು ಎಂದು ಬರೆದುಕೊಳ್ಳಿ. ಆದರೆ ಇವನ್ನು ಪೂರ್ತಿ ತೆಗೆಯುವುದು ಈಗಲೇ ಅಲ್ಲ. ಅದಕ್ಕೂ ಮೊದಲು ಒಂದು ಕೆಲಸ ಉಂಟು.

ತೊಟ್ಟಿಗೆ ಊರೆ ಕೊಡಿ

ನಮ್ಮ ಭಾವನವರು ನಮಗಿಂತ ಮೊದಲು ಇದೇ ಕೆಲಸಕ್ಕೆ ಇಳಿದಿದ್ದರು. ಬೋಲ್ಟೆಲ್ಲ ಬಿಚ್ಚಿ, ನಡುವಿಗೆ ಹಗ್ಗ ಸುತ್ತಿ, ಚೈನ್ ಪುಲ್ಲಿಯಲ್ಲಿ ಎಳೆದರು. ಒಂದಡಿ ಏರುವುದರೊಳಗೆ ತೊಟ್ಟಿ ಬಾಗಿಲಿನ ಜಾಗದಲ್ಲಿ ಹಾಳೆಯ ಹಾಗೆ ಮಡಚಿತು! ಮತ್ತೆ ತಿದ್ದಿ ತರಲು ತಿಂಗಳುಗಟ್ಟಲೆ ಹಿಡಿಯಿತು. ಹಿಂದಿನ ಬಾಗಿಲು ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ಕಾರಣ ಸುಲಭ. ಜೀಪಿಗೆ ಕಬ್ಬಿಣದ ಮಾಡು ಇಲ್ಲ. ಹತ್ತಿ ಇಳಿಯುವ ಜಾಗದಲ್ಲಿ ಬದಿಯ ತಗಡನ್ನು ಆಳಕ್ಕೆ ಕತ್ತರಿಸಿದ್ದಾರೆ. ಅಲ್ಲಿ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಜೋಡಿಸಿ ಹಿಡಿದಿರುವುದು ನೆಲದ ತಗಡು ಮಾತ್ರ. ನಮ್ಮ ಮಳೆಗೆ ಮೊದಲು ತಿಂದು ಹೋಗುವುದೂ ಅದೇ. ನೆಲದ ಅಡಿಯಲ್ಲಿ ಬಲಕ್ಕೆ ಕಾಲುವೆಯಂಥ ತಗಡಿನ ಪಟ್ಟಿಗಳಿರುತ್ತವೆ. ಯುದ್ಧಕಾಲದ ವಿಲ್ಲಿಸ್‌ಗಳಲ್ಲಿ ಅದರೊಳಗೆ ಮರದ ತುಂಡನ್ನೂ ಇಡುತ್ತಿದ್ದರು. ಕೆಸರು ಸೇರಿ, ಮರ ಒದ್ದೆಯಾಗಿ, ತಗಡು ಒಳಗಿನಿಂದಲೇ ಕೊಳೆಯುತ್ತಿತ್ತು.

ಆದ್ದರಿಂದ ಚಾಸಿಯ ಮೇಲೆ ಬೋಲ್ಟು ಬಿಗಿದಿರುವಾಗಲೇ ಊರೆ ಕೊಡಿ. ಒಂದಿಂಚಿನ ಚೌಕ ಪೈಪು ಸಾಕು. ಎರಡೂ ಬದಿಯ ಬಾಗಿಲಿನ ಜಾಗಕ್ಕೆ ಅಡ್ಡ ಒಂದು, ಓರೆಯಾಗಿ ಇನ್ನೊಂದು. ಡ್ಯಾಶಿನ ಎಡದಿಂದ ಹಿಂದಿನ ಬಲಗಡೆಗೆ, ಬಲದಿಂದ ಎಡಗಡೆಗೆ ಒಂದೊಂದು. ಚಕ್ರದ ಮೇಲಿನ ದಪ್ಪ ತಗಡಿಗೆ ಬೋಲ್ಟು ಹಾಕಿದರೂ ಆದೀತು, ಬೆಸೆದರೂ ಆದೀತು. ಬೆಸೆಯುವುದಾದರೆ ಚುಕ್ಕೆ ಚುಕ್ಕೆ ಹಾಕಿಸಿ, ಆಮೇಲೆ ತೆಗೆಯಲು ಸುಲಭ. ಬಾಗಿಲಿನ ಜಾಗದ ಅಗಲವನ್ನು ಮೇಲೆ, ಕೆಳಗೆ ಅಳೆದು ಗೋಡೆಯಲ್ಲಿ ಬರೆದಿಡಿ. ಕಾಗದ ಕಳೆದು ಹೋಗುತ್ತದೆ, ಗೋಡೆ ಹೋಗುವುದಿಲ್ಲ.

ನೆಲದ ತಗಡನ್ನು ಬದಲಿಸುವುದಿದ್ದರೂ ಈ ಊರೆ ತೆಗೆಯಬೇಡಿ. ಎರಡೂ ಬದಿಯ ನೆಲವನ್ನು ಒಟ್ಟಿಗೆ ಕತ್ತರಿಸಲೂ ಬೇಡಿ.

ಎತ್ತುವುದು

ಎರಡು ದಾರಿ. ಒಂದು ಜನಬಲ. ಬರಿದಾದ ತೊಟ್ಟಿಯನ್ನು ಆರು ಜನ ಸೇರಿದರೆ ಎತ್ತಬಹುದು. ಮೊದಲು ಸ್ಟಿಯರಿಂಗ್ ಚಕ್ರವನ್ನು ಪುಲ್ಲರಿನಿಂದ ತೆಗೆದು, ಡ್ಯಾಶಿನ ಅಡಿಯ ಹಿಡಿಕೆಯನ್ನೂ ಕಾಲ ಬುಡದ ಮುಚ್ಚಳವನ್ನೂ ಬಿಚ್ಚಬೇಕು. ಸ್ಟಿಯರಿಂಗಿನ ಕೊಳವೆ ಚಾಸಿಯಲ್ಲೇ ಉಳಿಯುತ್ತದೆ. ಆದ್ದರಿಂದ ತೊಟ್ಟಿಯನ್ನು ನೇರ ಮೇಲಕ್ಕೆ ಅಲ್ಲ, ಮೇಲಕ್ಕೂ ಹಿಂದಕ್ಕೂ ಒಟ್ಟಿಗೆ ಜಾರಿಸಬೇಕು. ಕೊಳವೆಯಲ್ಲಿ ಸಿಕ್ಕಿದಾಗ ಒಬ್ಬ ಎಳೆದು ಇನ್ನೊಬ್ಬ ತಳ್ಳಿದರೆ ಬೆರಳು ಹೋಗುತ್ತದೆ. ಮಾತಾಡುವವರು ಒಬ್ಬರೇ ಇರಬೇಕು, ಉಳಿದವರು ಅವರು ಹೇಳಿದಂತೆ.

ಎರಡನೆಯದು ನಾವು ಮಾಡಿದ್ದು. ಜನ ಸಿಗುವುದು ಕಷ್ಟವಾದ ಈ ಕಾಲಕ್ಕೆ ಇದೇ ಒಳ್ಳೆಯದು. ಇದರಲ್ಲಿ ಬಾಡಿಯನ್ನು ಒಯ್ಯುವುದಿಲ್ಲ. ಬಾಡಿ ಅಲ್ಲೇ ನಿಲ್ಲುತ್ತದೆ, ಚಾಸಿ ಅಡಿಯಿಂದ ಉರುಳಿ ಹೋಗುತ್ತದೆ.

ಇದಕ್ಕೆ ಸ್ಟಿಯರಿಂಗನ್ನು ಪೆಟ್ಟಿಗೆ ಸಮೇತ ಬಿಚ್ಚಿ ಮೊದಲೇ ಇಳಿಸಬೇಕು. ಮಡ್‌ಗಾರ್ಡು ತೆಗೆದ ಕಾರಣ ಜಾಗ ಸಿಗುತ್ತದೆ. ಎಂಟಡಿಯ ಎರಡು ಗಟ್ಟಿ ತೊಲೆ ಅಥವಾ ದಪ್ಪ ಕಬ್ಬಿಣದ ಪೈಪು ಬೇಕು. ಬಾಡಿಯ ಬೋಲ್ಟು ಪೂರ್ತಿ ತೆಗೆದು, ಜಾಕಿನಿಂದ ಒಂದು ಮೂಲೆಯನ್ನು ಎರಡಿಂಚು ಎತ್ತಿ, ಮರದ ತುಂಡು ಇಡಿ. ಮತ್ತೆ ಇನ್ನೊಂದು ಮೂಲೆ. ಜಾಕ್ ತಗಡಿಗೆ ನೇರ ತಾಗಬಾರದು, ನಡುವೆ ಹಲಗೆ ಇರಲಿ. ಎರಡಿಂಚು ಎದ್ದಾಗ ಒಮ್ಮೆ ನಿಲ್ಲಿಸಿ, ಸುತ್ತ ಒಂದು ಸುತ್ತು ಬಂದು ನೋಡಿ. ಮರೆತ ಒಂದು ವಯರು, ಒಂದು ಕೇಬಲು ಇದ್ದೇ ಇರುತ್ತದೆ. ನಮ್ಮದರಲ್ಲಿ ಅರ್ತಿನ ಪಟ್ಟಿ ಉಳಿದಿತ್ತು.

ಸಂದು ಸಿಕ್ಕಿದ ಮೇಲೆ ಒಂದು ತೊಲೆಯನ್ನು ಡ್ಯಾಶಿನ ಕೆಳಗೆ, ಇನ್ನೊಂದನ್ನು ಹಿಂದಿನ ತುದಿಯಲ್ಲಿ ಅಡ್ಡಕ್ಕೆ ತೂರಿಸಿ. ಇನ್ನು ಜಾಕ್ ತೊಲೆಯ ತುದಿಗಳಿಗೆ. ಹಿಂದಿನ ಟೈರು ತೊಟ್ಟಿಯ ಅಡಿಯಿಂದ ದಾಟಿ ಹೋಗಬೇಕಲ್ಲ, ಅದಕ್ಕೆ ತೊಟ್ಟಿಯ ತಳ ಟೈರಿನ ನೆತ್ತಿಗಿಂತ ನಾಲ್ಕು ಬೆರಳು ಮೇಲೆ ಬರುವ ತನಕ ಏರಿಸಿ. ಒಂದೊಂದು ಸಲ ಏರಿಸಿದಾಗಲೂ ಅಡಿಗೆ ಮರದ ತುಂಡುಗಳನ್ನು ಚೌಕವಾಗಿ, ಒಂದು ಉದ್ದ ಒಂದು ಅಡ್ಡ ಪೇರಿಸುತ್ತ ಬನ್ನಿ. ಟೊಳ್ಳು ಸಿಮೆಂಟ್ ಬ್ಲಾಕು ಇಡಬೇಡಿ, ಹೇಳದೆ ಕೇಳದೆ ಒಡೆಯುತ್ತದೆ. ನಾಲ್ಕೂ ಕಡೆ ಗಟ್ಟಿಯಾದ ಮೇಲೆ ಗೇರು ನ್ಯೂಟ್ರಲ್ ಮಾಡಿ ಚಾಸಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ನಮ್ಮದು ಮೂರೇ ಜನರಲ್ಲಿ ಹೊರಗೆ ಬಂತು.

ಮಾವಿನ ಕೊಂಬೆಗೆ, ಮಾಡಿನ ಪಕ್ಕಾಸಿಗೆ ಚೈನ್ ಪುಲ್ಲಿ ಕಟ್ಟುವವರಿದ್ದಾರೆ. ಪಕ್ಕಾಸು ಹಂಚು ಹೊರಲು ಇಟ್ಟದ್ದು, ಜೀಪು ಹೊರಲು ಅಲ್ಲ. ಬರೀ ಜಾಕಿನ ಮೇಲೆ ನಿಂತ ಭಾರದ ಅಡಿಗೆ ತಲೆ ಹಾಕಬೇಡಿ, ಒಂದು ನಟ್ಟು ಹೆಕ್ಕಲಿಕ್ಕೂ ಬೇಡ. ಮಕ್ಕಳನ್ನೂ ನಾಯಿಯನ್ನೂ ಆ ದಿನ ಅಂಗಳಕ್ಕೆ ಬಿಡಬೇಡಿ.

ಈಗ ಕಾಣುತ್ತದೆ ನಿಜ

ಚಾಸಿ ಹೊರಗೆ ಬಂದಾಗ ನಮಗೆ ಕಂಡದ್ದು ಕಬ್ಬಿಣವಲ್ಲ, ಗದ್ದೆ. ಬಾಡಿ ಕೂರುವ ಕಿವಿಗಳ ಮೇಲೆ ವರ್ಷಗಟ್ಟಲೆಯ ಕೆಸರು. ಹಾರೆಯ ತುಂಡಿನಿಂದ ಕೆರೆದು, ನೀರು ಹೊಡೆದು, ಬಿಸಿಲಿಗೆ ಒಣಗಿಸಿದ ಮೇಲೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತ ಹೋದೆವು. ಒಳ್ಳೆಯ ಕಬ್ಬಿಣ ‘ಟಣ್’ ಅನ್ನುತ್ತದೆ. ಸತ್ತದ್ದು ‘ದಬ್’ ಅನ್ನುತ್ತದೆ. ಹಿಂದಿನ ಅಡ್ಡಪಟ್ಟಿ, ಪ್ಲೇಟಿನ ಬ್ರಾಕೆಟುಗಳು, ಸ್ಟಿಯರಿಂಗ್ ಪೆಟ್ಟಿಗೆ ಕೂರುವ ಜಾಗ, ಎಂಜಿನ್ ಕೂರುವ ಜಾಗ - ಇವನ್ನು ಬಿಡದೆ ನೋಡಿ. ನಮ್ಮದರ ಎಡ ಬ್ರಾಕೆಟಿನ ಒಳಮೈಯಲ್ಲಿ ಸುತ್ತಿಗೆ ತೂತೇ ಮಾಡಿತು. ಹೊರಗಿನಿಂದ ಅಲ್ಲಿ ಎರಡು ಪದರ ಬಣ್ಣ ಇತ್ತು. ಇದೇ ಗಾಡಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿ ಘಾಟಿ ಇಳಿದಿದ್ದೆ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬ್ರೇಕಿನ ಡ್ರಮ್ಮು ತೆರೆಯುವುದಾದರೆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಉಸಿರಿಗೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರಸಿ.

ಚಾಸಿ ಸೊಟ್ಟವಾಗಿದೆಯೋ ನೋಡಲು ದೊಡ್ಡ ಯಂತ್ರ ಬೇಡ. ತೋಟಕ್ಕೆ ಗುಂಡಿ ಗುರುತು ಹಾಕುವಾಗ ಚೌಕ ಸರಿ ಉಂಟೋ ಎಂದು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯುತ್ತೇವಲ್ಲ, ಅದೇ ಲೆಕ್ಕ. ಎಡ-ಬಲ ಒಂದೇ ರೀತಿಯ ಎರಡು ಜೋಡಿ ಬಿಂದು ಆರಿಸಿ. ಮುಂದಿನ ಪ್ಲೇಟಿನ ಬೋಲ್ಟು, ಹಿಂದಿನ ಪ್ಲೇಟಿನ ಬೋಲ್ಟು ಆದೀತು. ಪ್ರತಿಯೊಂದರಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ಸಿಮೆಂಟು ನೆಲದಲ್ಲಿ ಚಾಕಿನ ಗುರುತು ಹಾಕಿ. ಗಾಡಿ ಸರಿಸಿ, ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳೆಯಿರಿ. ಎರಡೂ ಒಂದೇ ಬಂದರೆ ಚಾಸಿ ಚೌಕವಿದೆ. ಎದ್ದು ಕಾಣುವ ವ್ಯತ್ಯಾಸ ಬಂದರೆ, ಬೆಸೆಯುವ ಮೊದಲು ತಿಳಿದವರನ್ನು ಕರೆಸಿ. ಸೊಟ್ಟ ಚಾಸಿಗೆ ಪ್ಲೇಟು ಬೆಸೆದರೆ ಸೊಟ್ಟವೇ ಗಟ್ಟಿಯಾಗುತ್ತದೆ.

ಬೆಸುಗೆಯಲ್ಲಿ ನಾವು ಕಲಿತದ್ದು ಒಂದು: ಸತ್ತ ಕಬ್ಬಿಣದ ಮೇಲೆ ಹೊಸ ಪ್ಲೇಟು ಮುಚ್ಚಬಾರದು. ಕೊಳೆತದ್ದನ್ನು ಒಳ್ಳೆಯ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ್ದನ್ನು ಕೂರಿಸಬೇಕು. ನಮ್ಮ ಮೊದಲ ತೇಪೆ ನಿಲ್ಲದೆ ಹೋದದ್ದು ಇದಕ್ಕೇ. ಮಲಗಿ ಬೆಸೆಯುವವರಿಗೆ ಇದು ಸಾಧ್ಯವಿಲ್ಲ, ಅದು ಅವರ ತಪ್ಪೂ ಅಲ್ಲ. ನೀರು ಹೋಗುವ ತೂತುಗಳನ್ನು ಮುಚ್ಚಿಸಬೇಡಿ. ಪ್ರೈಮರ್, ಬಣ್ಣ ಆದ ಮೇಲೆ ಒಳಮೈಗಳಿಗೆ ಎಣ್ಣೆ ಹಚ್ಚಿ.

ಮರಳಿ ಕೂರಿಸುವಾಗ

ಬಿಚ್ಚಿದ ಕ್ರಮವನ್ನೇ ಹಿಂದಿನಿಂದ ಓದಿದರಾಯಿತು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ಎರಡು ಸುತ್ತು ಹತ್ತಿಸಿ, ಬರೆದಿಟ್ಟ ದಪ್ಪದ ರಬ್ಬರು ಇಟ್ಟು, ಆಮೇಲೆ ಸಮನಾಗಿ ಬಿಗಿಯುತ್ತ ಬನ್ನಿ. ಒಂದು ಬದಿ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ತೊಟ್ಟಿ ತಿರುಚುತ್ತದೆ. ಬಿಗಿದಾದ ಮೇಲೆ ಗೋಡೆಯಲ್ಲಿ ಬರೆದ ಅಳತೆಗೆ ಸರಿಬಂತೋ ನೋಡಿ, ಆಮೇಲೆ ಊರೆ ತೆಗೆಯಿರಿ. ಅರ್ತಿನ ಪಟ್ಟಿಯನ್ನು ಬಣ್ಣದ ಮೇಲೆ ಬಿಗಿಯಬೇಡಿ, ಬಣ್ಣ ಉಜ್ಜಿ ಕಬ್ಬಿಣಕ್ಕೆ ತಾಗಿಸಿ. ಇಲ್ಲವಾದರೆ ಲೈಟು ಮಿಣಿಮಿಣಿ ಅನ್ನುತ್ತದೆ. ರಸ್ತೆಗೆ ಇಳಿಸುವ ಮೊದಲು ಸ್ಟಿಯರಿಂಗ್, ಬ್ರೇಕು ಎರಡನ್ನು ತಿಳಿದ ಮೆಕ್ಯಾನಿಕರ ಕೈಯಲ್ಲೇ ನೋಡಿಸಿ.

ನಮಗೆ ಬಿಚ್ಚಲು ಮೂರು ಭಾನುವಾರ ಹೋಯಿತು, ಎತ್ತಲು ಅರ್ಧ ದಿನ. ಬೆಸುಗೆ, ಬಣ್ಣ, ಮರುಜೋಡಣೆ ಸೇರಿ ಮುಂದಿನ ಮಳೆ ಹತ್ತಿರ ಬಂದೇ ಬಿಟ್ಟಿತ್ತು. ಈಗ ಆ ಏರಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ಹತ್ತುವಾಗ ಹಿಂದಿನಿಂದ ಏನೂ ಸದ್ದಿಲ್ಲ. ಬಣ್ಣ ಮೊದಲಿನಷ್ಟು ಹೊಳೆಯುವುದಿಲ್ಲ ಎಂದು ಮನೆಯವರ ದೂರು. ಇರಲಿ. ಅಡಿಯಲ್ಲಿ ಏನುಂಟೆಂದು ಈಗ ನನಗೆ ಗೊತ್ತಲ್ಲ!

ನೆನಪಿಡಿ

- ಆರ್.ಸಿ. ಮತ್ತು ಚಾಸಿ ನಂಬ್ರ ತಾಳೆ ನೋಡಿದ ಮೇಲೆಯೇ ಕೆಲಸ ಶುರು.
- ಎಣ್ಣೆ ಟ್ಯಾಂಕು, ಬ್ಯಾಟರಿ ಮೊದಲು ಹೊರಗೆ.
- ಬೋಲ್ಟು ಬಿಚ್ಚುವ ಮೊದಲು ಬಾಗಿಲಿಗೆ ಊರೆ.
- ಎರಡಿಂಚು ಎತ್ತಿ, ನಿಲ್ಲಿಸಿ, ಸುತ್ತು ಬಂದು ನೋಡಿ.
- ಜಾಕನ್ನು ನಂಬಬೇಡಿ, ಮರದ ಪೇರಿಕೆಯನ್ನು ನಂಬಿ.
- ಕೊಳೆತದ್ದರ ಮೇಲೆ ತೇಪೆ ಬೇಡ.